ಕಾರಿನಡಿ ‘ಠಪ್’ ಅಂದಾಗ: ಎಲೆಕ್ಟ್ರಿಕ್ ಕಾರಿನ ಬ್ಯಾಟರಿಯನ್ನು ಕಲ್ಲಿನಿಂದ, ಬೆಂಕಿಯಿಂದ ಕಾಪಾಡುವ ಬಗೆ

ಹಾಸನದಿಂದ ವಾಪಸ್ ಬರುತ್ತಿದ್ದೆವು. ಕುಣಿಗಲ್ ಹತ್ತಿರ, ರಾತ್ರಿ ಹತ್ತೂವರೆ ಇರಬಹುದು. ಮುಂದಿದ್ದ ಟೆಂಪೊ ಸಟ್ಟನೆ ಬಲಕ್ಕೆ ತಿರುಗಿತು. ನನಗೆ ತಿರುಗಿಸಲು ಪುರುಸೊತ್ತು ಸಿಗಲಿಲ್ಲ. ಕಾರಿನ ಅಡಿಯಿಂದ ‘ಠಪ್’ ಅಂತ ಸದ್ದು, ಬೆನ್ನಿಗೇ ಹಿಂದಿನ ಸೀಟಿನವರೆಗೂ ‘ಕರ್ರ್’ ಅಂತ ಕೆರೆದ ಸದ್ದು. ದಪ್ಪ ಸೈಜುಗಲ್ಲು. ಕೆಟ್ಟು ನಿಂತ ಲಾರಿಯ ಸುತ್ತ ಗುರುತಿಗೆ ಅಂತ ಕಲ್ಲಿಡುತ್ತಾರಲ್ಲ, ಅದು. ಲಾರಿ ರಿಪೇರಿಯಾಗಿ ಹೋಗಿತ್ತು, ಕಲ್ಲು ಅಲ್ಲೇ ಉಳಿದಿತ್ತು.

ನಾನು ಮಾಡಿದ್ದೇನು ಗೊತ್ತಾ? ‘ಏನೂ ಆಗಿರಲ್ಲ ಬಿಡು’ ಅಂದುಕೊಂಡು ಇನ್ನೂ 70 ಕಿಲೋಮೀಟರ್ ಓಡಿಸಿದೆ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ನಿಲ್ಲಿಸಿದೆ. ಚಾರ್ಜಿಗೆ ಹಾಕಿ ಮಲಗಿದೆ. ಮೂರೂ ತಪ್ಪು. ಬೆಂಕಿ ಬೀಳಲಿಲ್ಲ ಅನ್ನುವುದು ನನ್ನ ಜಾಣತನವಲ್ಲ, ಅದೃಷ್ಟ ಅಷ್ಟೇ.

ಪೆಟ್ರೋಲ್ ಕಾರಿನ ಅಭ್ಯಾಸ ನಮ್ಮಿಂದ ಹೀಗೆ ಮಾಡಿಸುತ್ತದೆ. ಅದರಲ್ಲಿ ಅಡಿ ತಾಗಿದರೆ ಆಯಿಲ್ ಸೋರುತ್ತಿದೆಯಾ ಅಂತ ನೋಡುತ್ತಿದ್ದೆವು, ಇಲ್ಲದಿದ್ದರೆ ಹೊರಡುತ್ತಿದ್ದೆವು. ಎಲೆಕ್ಟ್ರಿಕ್ ಕಾರಿನಲ್ಲಿ ಅತಿ ದುಬಾರಿ ಭಾಗವೇ ಅಡಿಯಲ್ಲಿ ಮಲಗಿದೆ. ನೀವು ಕಾಲಿಡುವ ಜಾಗದ ಕೆಳಗೆ ಒಂದು ದೊಡ್ಡ ಚಪ್ಪಟೆ ಪೆಟ್ಟಿಗೆ, ಅದೇ ಬ್ಯಾಟರಿ ಪ್ಯಾಕ್. ಅದರೊಳಗೆ ನೂರಾರು ಸೆಲ್, ಕೆಲವು ಕಾರುಗಳಲ್ಲಿ ಸಾವಿರಾರು. ಪ್ರತಿ ಸೆಲ್‌ನಲ್ಲಿ ಪ್ಲಸ್, ಮೈನಸ್ ಪದರಗಳ ಮಧ್ಯೆ ತಲೆಗೂದಲಿಗಿಂತ ತೆಳುವಾದ ಪ್ಲಾಸ್ಟಿಕ್ ಹಾಳೆ. ಏಟಿಗೆ ಸೆಲ್ ನಜ್ಜಾಗಿ ಆ ಹಾಳೆ ಹರಿದರೆ ಒಳಗೇ ಶಾರ್ಟ್ ಆಗುತ್ತದೆ, ಬಿಸಿ ಏರುತ್ತದೆ. ಒಂದು ಮಟ್ಟ ದಾಟಿದರೆ ಸೆಲ್ ತಾನಾಗಿಯೇ ಇನ್ನಷ್ಟು ಬಿಸಿಯಾಗುತ್ತಾ ಹೋಗುತ್ತದೆ. ಅದರ ಬಿಸಿಗೆ ಪಕ್ಕದ್ದು, ಆಮೇಲೆ ಅದರ ಪಕ್ಕದ್ದು. ಪಟಾಕಿ ಸರದ ಹಾಗೆ. ಇದಕ್ಕೇ ಥರ್ಮಲ್ ರನ್‌ಅವೇ ಅನ್ನುತ್ತಾರೆ.

ಕಷ್ಟ ಏನೆಂದರೆ ಇದು ಏಟು ಬಿದ್ದ ಕೂಡಲೇ ಆಗಬೇಕು ಅಂತಿಲ್ಲ. ಕೆಲವು ಗಂಟೆ ಬಿಟ್ಟು ಆಗಬಹುದು, ಒಂದೆರಡು ದಿನ ಬಿಟ್ಟೂ ಆಗಬಹುದು. ಹಾಗಾಗಿ ಕಲ್ಲು ತಪ್ಪಿಸುವುದಕ್ಕಿಂತ, ಕಲ್ಲು ತಾಗಿದ ಮೇಲೆ ಏನು ಮಾಡುತ್ತೇವೆ ಅನ್ನುವುದೇ ಜಾಸ್ತಿ ಮುಖ್ಯ.

ಇದು ನಮ್ಮ ರಸ್ತೆಗಳ ಪಾಡು ಮಾತ್ರ ಅಂದುಕೊಳ್ಳಬೇಡಿ. 2013ರ ಅಕ್ಟೋಬರ್‌ನಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಕೆಂಟ್ ಊರಿನ ಹತ್ತಿರ ಒಂದು ಟೆಸ್ಲಾ ಮಾಡೆಲ್ ಎಸ್, ಹೆದ್ದಾರಿಯಲ್ಲಿ ಬಿದ್ದಿದ್ದ ಬಾಗಿದ ಲೋಹದ ತುಂಡಿನ ಮೇಲೆ ಹೋಯಿತು. ಅದು ಟ್ರಕ್ಕಿನ ಟ್ರೇಲರ್‌ನಿಂದ ಕಳಚಿ ಬಿದ್ದದ್ದು. ತುಂಡಿನ ಒಂದು ತುದಿ ನೆಲಕ್ಕೆ ಊರಿಕೊಂಡು ಇನ್ನೊಂದು ತುದಿ ಮೇಲೆದ್ದು ಚುಚ್ಚಿತು. ಬ್ಯಾಟರಿಯ ಅಡಿಯಲ್ಲಿದ್ದ ಕಾಲು ಅಂಗುಲ ದಪ್ಪದ ತಗಡಿಗೆ ಮೂರು ಅಂಗುಲದ ತೂತು. ಏಟಿನ ಬಲ ಸುಮಾರು 25 ಟನ್ ಇತ್ತು ಅಂತ ಕಂಪನಿ ಹೇಳಿತು. ಕಾರೇ ಎಚ್ಚರಿಕೆ ಕೊಟ್ಟಿತು, ಓಡಿಸುತ್ತಿದ್ದವರು ಪಕ್ಕಕ್ಕೆ ಹಾಕಿ ಇಳಿದರು, ಆಮೇಲೆ ಬೆಂಕಿ. ಅವರಿಗೆ ಏನೂ ಆಗಲಿಲ್ಲ. ಅದೇ ವರ್ಷ ನವೆಂಬರ್‌ನಲ್ಲಿ ಟೆನೆಸಿಯಲ್ಲಿ ಇನ್ನೊಂದು ಕಾರಿಗೆ ಹೀಗೇ ಆಯಿತು. 2014ರ ಮಾರ್ಚ್‌ನಲ್ಲಿ ಟೆಸ್ಲಾ ಅಡಿಗೆ ಟೈಟಾನಿಯಂ ತಗಡು ಮತ್ತು ಅಲ್ಯೂಮಿನಿಯಂನ ಎರಡು ತುಂಡು ಸೇರಿಸಿತು, ಹಳೇ ಗಿರಾಕಿಗಳಿಗೂ ಪುಕ್ಕಟೆ ಹಾಕಿಕೊಟ್ಟಿತು.

ಹೆದರಿಸಲು ಹೇಳುತ್ತಿಲ್ಲ. ಸ್ವೀಡನ್ ಥರ ಇದರ ಲೆಕ್ಕ ಇಟ್ಟಿರುವ ಕಡೆ, ಪೆಟ್ರೋಲ್, ಡೀಸೆಲ್ ಕಾರುಗಳಿಗಿಂತ ಎಲೆಕ್ಟ್ರಿಕ್ ಕಾರಿಗೆ ಬೆಂಕಿ ಬೀಳುವುದು ಕಡಿಮೆ. ಆದರೆ ಬಿದ್ದರೆ ಆರಿಸುವುದು ಬೇರೆಯದೇ ಪಾಡು.

ಹಂತ 1: ಏನೂ ಆಗದಿದ್ದಾಗಲೇ ಕಾರಿನಡಿ ನೋಡಿ

ಒಂದು ಭಾನುವಾರ ಬೆಳಿಗ್ಗೆ ಗೋಣಿಚೀಲ ಹಾಸಿ, ಮೊಬೈಲ್ ಟಾರ್ಚ್ ಹಾಕಿಕೊಂಡು ಕಾರಿನ ಪಕ್ಕ ಮಲಗಿ. ಜಾಕ್ ಕೊಟ್ಟು ಎತ್ತಿ ಅದರಡಿಗೆ ನುಗ್ಗಬೇಡಿ, ಪಕ್ಕದಿಂದ ಕಂಡಷ್ಟು ಸಾಕು. ಬಗ್ಗಲು ಆಗದಿದ್ದರೆ ಸೆಲ್ಫಿ ಕಡ್ಡಿಗೆ ಮೊಬೈಲ್ ಸಿಕ್ಕಿಸಿ ಒಳಗೆ ತೂರಿಸಿ ವಿಡಿಯೋ ಮಾಡಿ. ಮುಂದಿನಿಂದ, ಹಿಂದಿನಿಂದ, ಎರಡೂ ಪಕ್ಕದಿಂದ. ತಾರೀಖು ಕಾಣುವ ಹಾಗೆ ಇಟ್ಟುಕೊಳ್ಳಿ. ಇದು ಯಾಕೆ ಬೇಕು ಅಂತ ಕೊನೆಯಲ್ಲಿ ಹೇಳುತ್ತೇನೆ.

ಪ್ಯಾಕ್ ಎಲ್ಲಿ ಶುರುವಾಗುತ್ತದೆ, ಎಲ್ಲಿ ಮುಗಿಯುತ್ತದೆ, ಅದರ ಮೇಲೆ ಲೋಹದ ತಗಡು ಇದೆಯಾ, ಬರೀ ಪ್ಲಾಸ್ಟಿಕ್ ಮುಚ್ಚಳವಾ, ಇಷ್ಟು ಗೊತ್ತಿರಲಿ. ಕಿತ್ತಳೆ ಬಣ್ಣದ ಕೇಬಲ್ ಕಂಡರೆ ಅದು ಹೈ ವೋಲ್ಟೇಜ್. ಮುಟ್ಟಬೇಡಿ.

ಬ್ಯಾಟರಿ ಯಾವ ಜಾತಿಯದು ಅಂತಲೂ ಕೇಳಿ ತಿಳಿದುಕೊಳ್ಳಿ. ಟಾಟಾ ನೆಕ್ಸಾನ್ ಇವಿ, ಬಿವೈಡಿಯ ಬ್ಲೇಡ್ ಬ್ಯಾಟರಿ ಎಲ್‌ಎಫ್‌ಪಿ, ಅಂದರೆ ಲಿಥಿಯಂ ಐರನ್ ಫಾಸ್ಫೇಟ್ ಜಾತಿ. ಅದು ಬಿಸಿಯನ್ನು ಜಾಸ್ತಿ ತಡೆದುಕೊಳ್ಳುತ್ತದೆ. ಇನ್ನೊಂದು ಜಾತಿ ಎನ್‌ಎಂಸಿ, ಅಂದರೆ ನಿಕಲ್, ಮ್ಯಾಂಗನೀಸ್, ಕೋಬಾಲ್ಟ್ ಇರುವುದು, ಬೇಗ ಕೆರಳುತ್ತದೆ, ಉರಿಯುವಾಗ ತನಗೆ ಬೇಕಾದ ಆಮ್ಲಜನಕವನ್ನು ತಾನೇ ಬಿಡುತ್ತದೆ. ಹಾಗಂತ ಎಲ್‌ಎಫ್‌ಪಿಗೆ ಏನೂ ಆಗಲ್ಲ ಅಂತ ಶೋರೂಮಿನಲ್ಲಿ ಹೇಳಿದರೆ ತಲೆಯಾಡಿಸಿ ಬಂದುಬಿಡಿ, ನಂಬಬೇಡಿ. ನಜ್ಜಾದರೆ ಅದೂ ಉರಿಯುವ ಗ್ಯಾಸ್ ಬಿಡುತ್ತದೆ.

ಹಂತ 2: ರಸ್ತೆಯಲ್ಲಿ ಕಣ್ಣು ಎಲ್ಲಿರಬೇಕು

ಮುಂದಿನ ಗಾಡಿಯ ಬಾಲಕ್ಕೆ ಅಂಟಿಕೊಂಡು ಹೋಗಬೇಡಿ. ನನ್ನ ಕಲ್ಲಿನ ಕತೆ ಅಷ್ಟೇ. ಟೆಂಪೊಗೆ ಕಲ್ಲು ಕಂಡಿತ್ತು, ನನಗೆ ಟೆಂಪೊ ಮಾತ್ರ ಕಂಡಿತ್ತು. ಕನಿಷ್ಠ ಮೂರು ಸೆಕೆಂಡಿನ ದೂರ ಬಿಡಿ, ರಾತ್ರಿ ಇನ್ನೂ ಜಾಸ್ತಿ.

ರಸ್ತೆ ನಡುವೆ ಏನೋ ಬಿದ್ದಿದ್ದರೆ ಪೆಟ್ರೋಲ್ ಕಾರಿನವರು ಅದನ್ನು ಎರಡು ಚಕ್ರದ ಮಧ್ಯೆ ಬಿಟ್ಟುಕೊಂಡು ಹೋಗುವುದು ರೂಢಿ. ಈ ರೂಢಿ ಬಿಡಿ. ಮಧ್ಯೆ ಬಿಟ್ಟುಕೊಂಡರೆ ಅದು ನೇರ ಬ್ಯಾಟರಿಯ ಅಡಿಗೇ ಬರುತ್ತದೆ. ತಪ್ಪಿಸಲು ಪಕ್ಕದಲ್ಲಿ ಜಾಗ ಇದ್ದರೆ ತಪ್ಪಿಸಿ, ಇಲ್ಲದಿದ್ದರೆ ಬ್ರೇಕ್ ಹಾಕಿ ವೇಗ ಇಳಿಸಿ. 80ರಲ್ಲಿ ಬೀಳುವ ಏಟಿನ ಶಕ್ತಿ 40ರದ್ದಕ್ಕಿಂತ ನಾಲ್ಕು ಪಟ್ಟು. ಆದರೆ ಕಲ್ಲು ತಪ್ಪಿಸಲು ಹೋಗಿ ಪಕ್ಕದ ಬೈಕಿನವನ ಮೇಲೆ ಹೋಗಬೇಡಿ. ಬ್ಯಾಟರಿ ಹೋದರೆ ಹೋಗಲಿ.

ನಮ್ಮ ಕಡೆ ಯಾವುದರ ಮೇಲೆ ಕಣ್ಣಿಡಬೇಕು? ಲಾರಿಯ ಮುರಿದ ಪಟ್ಟೆ, ಅಂದರೆ ಸ್ಪ್ರಿಂಗ್ ಬ್ಲೇಡ್. ಅದು ಬಾಗಿದ ಉಕ್ಕು. ಕೆಂಟ್‌ನಲ್ಲಿ ಎದ್ದು ಚುಚ್ಚಿದ ತುಂಡಿನಂತೆಯೇ ಇದೂ ಮೇಲೇಳಬಹುದು. ಕಾಂಕ್ರೀಟ್ ಕಿತ್ತು ಮೇಲೆದ್ದ ಕಂಬಿ. ಸುತ್ತಲಿನ ಡಾಂಬರು ಹೋಗಿ ಎದ್ದು ನಿಂತ ಮ್ಯಾನ್‌ಹೋಲ್ ಮುಚ್ಚಳ. ಮಳೆಗಾಲದಲ್ಲಿ ಶಿರಾಡಿ, ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಗುಡ್ಡದಿಂದ ಉರುಳಿದ ಕಲ್ಲು. ಸುಗ್ಗಿಯಲ್ಲಿ ಇನ್ನೊಂದು ಇದೆ. ಹಳ್ಳಿ ರಸ್ತೆಯಲ್ಲಿ ರಾಗಿಯನ್ನೋ ಹುರುಳಿಯನ್ನೋ ಒಕ್ಕಣೆಗೆ ಹರಡಿರುತ್ತಾರೆ. ಗಾಡಿ ಪೂರ್ತಿ ಆ ಕಡೆ ಹೋಗದಿರಲಿ ಅಂತ ಅಂಚಿಗೆ ಕಲ್ಲಿಟ್ಟಿರುತ್ತಾರೆ, ಹುಲ್ಲಿನಡಿ ಅದು ಕಾಣುವುದಿಲ್ಲ. ಎಲೆಕ್ಟ್ರಿಕ್ ಕಾರಿಗೆ ಬಿಸಿ ಸೈಲೆನ್ಸರ್ ಇಲ್ಲ, ನಿಜ. ಆದರೂ ಹುರುಳಿ ಬಳ್ಳಿ ಆಕ್ಸಲ್‌ಗೆ ಸುತ್ತಿಕೊಂಡು ಉಜ್ಜಿದರೆ ಬಿಸಿಯಾಗುತ್ತದೆ. ದಾಟಿದ ಮೇಲೆ ನಿಲ್ಲಿಸಿ, ಸಿಕ್ಕಿಕೊಂಡದ್ದನ್ನು ಕಿತ್ತು ಹಾಕಿ.

ಹಂಪಿನ ಬಗ್ಗೆ ಒಂದು ಮಾತು. ರಸ್ತೆಗಳ ಅಳತೆ, ಮಾನದಂಡ ಬರೆಯುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ. ಅಂಥದ್ದು ನಿಮ್ಮೂರಲ್ಲಿ ಇದ್ದರೆ ಫೋಟೋ ತೆಗೆದಿಟ್ಟುಕೊಳ್ಳಿ. ಮನೆ ಮುಂದೆ ಊರವರೇ ರಾತ್ರೋರಾತ್ರಿ ಹಾಕಿದ ಚೂಪು ಹಂಪುಗಳೇ ಜಾಸ್ತಿ. ಐದು ಜನ, ಡಿಕ್ಕಿ ತುಂಬ ಸಾಮಾನು ಇದ್ದರೆ ಕಾರು ತಗ್ಗುತ್ತದೆ, ಕೈಪಿಡಿಯಲ್ಲಿರುವ ಗ್ರೌಂಡ್ ಕ್ಲಿಯರೆನ್ಸ್ ಆಗ ಸಿಗುವುದಿಲ್ಲ. ಅನುಮಾನ ಬಂದರೆ ಹಿಂದಿನವರನ್ನು ಇಳಿಸಿ, ದಾಟಿಸಿ, ಹತ್ತಿಸಿಕೊಳ್ಳಿ. ನೆಂಟರು ನಗುತ್ತಾರೆ. ನಗಲಿ.

ಹಂತ 3: ತಾಗಿದ ಮೇಲಿನ ಹತ್ತು ನಿಮಿಷ

ಮೊದಲು ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ. ಫ್ಲೈಓವರ್ ಮೇಲೆ, ಸುರಂಗದಲ್ಲಿ, ಪೆಟ್ರೋಲ್ ಬಂಕಿನಲ್ಲಿ, ಒಣ ಹುಲ್ಲಿನ ಮೇಲೆ ಬೇಡ. ಹಜಾರ್ಡ್ ಲೈಟ್ ಹಾಕಿ, ಕಾರು ಆಫ್ ಮಾಡಿ, ಎಲ್ಲರನ್ನೂ ಇಳಿಸಿ. ಮಗು ಮಲಗಿದೆ ಅಂತ ಬಿಡಬೇಡಿ.

ಡ್ಯಾಶ್‌ಬೋರ್ಡಿನಲ್ಲಿ ಕೆಂಪು ಎಚ್ಚರಿಕೆ ಬಂದಿದ್ದರೆ, ಹೊಗೆಯೋ ವಾಸನೆಯೋ ಇದ್ದರೆ ಮುಂದಿನದನ್ನು ಓದಬೇಡಿ, ನೇರ 6ನೇ ಹಂತಕ್ಕೆ ಹೋಗಿ.

ಅಂಥದ್ದೇನೂ ಇಲ್ಲದಿದ್ದರೆ ಐದು ನಿಮಿಷ ಸ್ವಲ್ಪ ದೂರದಲ್ಲಿ ಸುಮ್ನೆ ನಿಂತು ಗಮನಿಸಿ. ಒಳಗಿನಿಂದ ‘ಟಪ್ ಟಪ್’ ಸದ್ದು, ಹಾವು ಬುಸ್ ಎಂದಂಥ ಸದ್ದು ಬರುತ್ತಿದೆಯಾ? ಉಗುರಿನ ಬಣ್ಣ ತೆಗೆಯುವ ದ್ರವದಂಥ ಸಿಹಿಗಮಟು ವಾಸನೆ ಇದೆಯಾ? ಇಲ್ಲ ಅಂದರೆ ಹತ್ತಿರ ಹೋಗಿ, ಬಗ್ಗಿ, ಟಾರ್ಚ್ ಬಿಟ್ಟು ನೋಡಿ. ತೊಟ್ಟಿಕ್ಕುತ್ತಿದೆಯಾ? ಎಸಿ ಹಾಕಿದ್ದರೆ ಮುಂಭಾಗದಲ್ಲಿ ಬಣ್ಣವಿಲ್ಲದ ನೀರು ಬೀಳುವುದು ಮಾಮೂಲಿ. ಹಸಿರು, ಗುಲಾಬಿ, ನೀಲಿ ಥರ ಬಣ್ಣದ ದ್ರವ ಕಂಡರೆ ಕೂಲೆಂಟ್. ಬ್ಯಾಟರಿ ತಂಪಾಗಿಡುವ ಪೈಪೋ ತಟ್ಟೆಯೋ ಒಡೆದಿರಬಹುದು. ಕೈಯಲ್ಲಿ ಮುಟ್ಟಬೇಡಿ. ಫೋಟೋ ತೆಗೆಯಿರಿ. ರಸ್ತೆಯಲ್ಲಿ ಬಿದ್ದ ಕಲ್ಲಿನದ್ದೂ ಒಂದು ಫೋಟೋ ಇರಲಿ, ಗಾಡಿ ಬರದಿರುವಾಗ.

ಬರೀ ಗೀರು ಇದೆ, ತಗ್ಗಿಲ್ಲ, ಸೋರಿಕೆಯಿಲ್ಲ, ಎಚ್ಚರಿಕೆಯಿಲ್ಲ ಅಂದರೆ ನಿಧಾನಕ್ಕೆ ಓಡಿಸಿಕೊಂಡು ನೇರ ಸರ್ವಿಸ್ ಸೆಂಟರಿಗೆ ಹೋಗಬಹುದು. ಪ್ಯಾಕಿನ ತಗಡು ಒಳಕ್ಕೆ ತಗ್ಗಿದ್ದರೆ, ಬಿರುಕು ಬಿಟ್ಟಿದ್ದರೆ ಓಡಿಸಬೇಡಿ. ಕಂಪನಿಯ ರೋಡ್‌ಸೈಡ್ ಅಸಿಸ್ಟೆನ್ಸಿಗೆ ಫೋನ್ ಮಾಡಿ, ‘ಫ್ಲಾಟ್‌ಬೆಡ್ ಕಳಿಸಿ’ ಅಂತ ಬಿಡಿಸಿ ಹೇಳಿ, ಅಂದರೆ ಇಡೀ ಕಾರನ್ನು ಮೇಲೆ ಹೊತ್ತೊಯ್ಯುವ ಗಾಡಿ. ಎರಡು ಚಕ್ರ ಎತ್ತಿ ಎಳೆಯುವ ಗಾಡಿ ಬಂದರೆ ವಾಪಸ್ ಕಳಿಸಿ. ಚಕ್ರ ತಿರುಗಿದರೆ ಮೋಟಾರೂ ತಿರುಗಿ ಕರೆಂಟ್ ಹುಟ್ಟಿಸುತ್ತದೆ.

ಅವತ್ತು ರಾತ್ರಿ ಕಾರು ಮನೆಯಲ್ಲೇ ಉಳಿಯುವಂತಾದರೆ ಮೂರು ಮಾತು. ಚಾರ್ಜಿಗೆ ಹಾಕಬೇಡಿ. ಬೇಸ್‌ಮೆಂಟಿಗೆ ಇಳಿಸಬೇಡಿ. ಗೋಡೆ, ಬೇರೆ ಕಾರು, ಸಿಲಿಂಡರ್ ಇಟ್ಟ ಜಾಗದಿಂದ 15 ಮೀಟರ್ ದೂರ, ಬಯಲಲ್ಲಿ ನಿಲ್ಲಿಸಿ. ನಗರದಲ್ಲಿ 15 ಮೀಟರ್ ಬಯಲು ಎಲ್ಲಿ ತರುವುದು ಅಂತೀರಾ? ಸರಿಯಾದ ಪ್ರಶ್ನೆಯೇ. ಅದಕ್ಕೇ ಎಷ್ಟೇ ಹೊತ್ತಾದರೂ ಫ್ಲಾಟ್‌ಬೆಡ್ ಕರೆಸಿ ಸರ್ವಿಸ್ ಸೆಂಟರಿನ ಅಂಗಳಕ್ಕೇ ಕಳಿಸುವುದು ಲೇಸು.

ಹಂತ 4: ಸರ್ವಿಸ್ ಸೆಂಟರಿನಲ್ಲಿ ಕೇಳಬೇಕಾದ್ದು

ನಾನು ಹೋದ ಕಡೆ ಮೊದಲು ಕೌಂಟರಿನ ಹುಡುಗ ಟ್ಯಾಬ್ ನೋಡಿ ‘ಎರರ್ ಏನೂ ಇಲ್ಲ ಸರ್’ ಅಂದ. ಕಾರು ಎತ್ತಿ ನೋಡಿ ಅಂತ ಪಟ್ಟು ಹಿಡಿದೆ. ಲಿಫ್ಟಿನ ಮೇಲೆ ಏರಿಸಿದಾಗ ಗೊತ್ತಾಯಿತು. ಪ್ಯಾಕಿನ ಮುಂದಿನ ಎಡ ಮೂಲೆಯಲ್ಲಿ ಅಂಗೈ ಅಗಲದ ತಗ್ಗು. ವಯಸ್ಸಾದ ಮೆಕ್ಯಾನಿಕ್ ಒಬ್ಬರು ತಗ್ಗಿಗೆ ಅಡ್ಡಲಾಗಿ ಸ್ಟೀಲ್ ಸ್ಕೇಲ್ ಹಿಡಿದು, ಇನ್ನೊಂದು ಸ್ಕೇಲನ್ನು ನೆಟ್ಟಗೆ ಇಟ್ಟು ಆಳ ಅಳೆದರು. 4 ಮಿಲಿಮೀಟರ್. ಪ್ರತಿ ಕಂಪನಿಗೂ ಇಷ್ಟು ಆಳದವರೆಗೆ ಪರವಾಗಿಲ್ಲ, ಅದರ ಮೇಲೆ ಆದರೆ ಬಿಚ್ಚಬೇಕು ಅನ್ನುವ ಲೆಕ್ಕ ಇರುತ್ತದಂತೆ. ನನ್ನದು ಆ ಲೆಕ್ಕದೊಳಗಿತ್ತು.

ನೀವೂ ಹೀಗೆ ಕೇಳಿ: ತಗ್ಗಿನ ಆಳ ಅಳೆಯಿರಿ. ಇನ್ಸುಲೇಶನ್ ರೆಸಿಸ್ಟೆನ್ಸ್ ಪರೀಕ್ಷೆ, ಅಂದರೆ ಬ್ಯಾಟರಿಯ ಕರೆಂಟ್ ಕಾರಿನ ಬಾಡಿಗೆ ಸೋರುತ್ತಿದೆಯಾ ಅನ್ನುವ ಪರೀಕ್ಷೆ ಮಾಡಿ. ಸೆಲ್‌ಗಳ ವೋಲ್ಟೇಜಿನಲ್ಲಿ ಒಂದಕ್ಕೊಂದು ವ್ಯತ್ಯಾಸ ಎಷ್ಟಿದೆ ತೋರಿಸಿ. ಕೂಲೆಂಟ್ ಒತ್ತಡ ನೋಡಿ. ಪೆಟ್ಟಿಗೆಯೊಳಗೆ ನೀರು ಹೋಗದ ಹಾಗೆ ಸೀಲ್ ಸರಿಯಿದೆಯಾ ಪರೀಕ್ಷಿಸಿ. ಎಲ್ಲವನ್ನೂ ಜಾಬ್ ಕಾರ್ಡಿನಲ್ಲಿ ಬರೆಸಿ. ಬಾಯಿಮಾತಿನ ‘ಓಕೆ ಸರ್’ ತಗೊಂಡು ಬರಬೇಡಿ.

ಸೀಲಿನ ಮಾತು ಯಾಕೆಂದರೆ, ಜಾಹೀರಾತಿನ ಐಪಿ67 ಅನ್ನುವುದು ಏಟು ತಿನ್ನದ ಪ್ಯಾಕಿಗೆ. ಒಂದು ಮೀಟರ್ ನೀರಿನಲ್ಲಿ 30 ನಿಮಿಷ ಇದ್ದರೂ ಒಳಗೆ ನೀರು ಹೋಗಬಾರದು ಅಂತ ಅದರ ಅರ್ಥ. ಅಂಚು ಸೊಟ್ಟಗಾದ ಪ್ಯಾಕಿಗೆ ಆ ಭರವಸೆ ಉಳಿಯುವುದಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ, ಬೆಳ್ಳಂದೂರು ಕಡೆ ನೀರು ನಿಂತಿತ್ತಲ್ಲ, ಅಂಥ ನೀರಿಗೆ ಇಳಿಸಿದರೆ ಬೇಸಿಗೆಯಲ್ಲಿ ತಿಂದ ಏಟಿನ ಲೆಕ್ಕ ಮಳೆಗಾಲದಲ್ಲಿ ಚುಕ್ತಾ ಆಗುತ್ತದೆ.

ಹಂತ 5: ಜಾಕ್, ಗಾರ್ಡ್, ಚಾರ್ಜಿಂಗ್

ಬ್ಯಾಟರಿಗೆ ಕಲ್ಲಿನಷ್ಟೇ ದೊಡ್ಡ ಶತ್ರು ಪಂಚರ್ ಅಂಗಡಿಯ ಜಾಕ್. ಅವರು ಪಾಪ, ಅಭ್ಯಾಸದ ಮೇಲೆ ಎಲ್ಲಿ ಗಟ್ಟಿ ಕಂಡಿತೋ ಅಲ್ಲಿ ಕೊಟ್ಟು ಎತ್ತುತ್ತಾರೆ. ಎಲೆಕ್ಟ್ರಿಕ್ ಕಾರಿನಲ್ಲಿ ಹಾಗೆ ಗಟ್ಟಿಯಾಗಿ, ಸಪಾಟಾಗಿ ಕಾಣುವುದೇ ಬ್ಯಾಟರಿ. ಕೈಪಿಡಿಯಲ್ಲಿ ಜಾಕ್ ಪಾಯಿಂಟ್ ನಾಲ್ಕು ಕಡೆ ತೋರಿಸಿರುತ್ತಾರೆ. ಅಲ್ಲಿ ಬಿಳಿ ಪೇಂಟಿನಲ್ಲಿ ಚುಕ್ಕೆ ಇಡಿ. ‘ಅಣ್ಣಾ, ಈ ಚುಕ್ಕೆ ಹತ್ರ ಮಾತ್ರ ಕೊಡಿ’ ಅಂತ ಹೇಳಿ ಪಕ್ಕದಲ್ಲೇ ನಿಂತುಕೊಳ್ಳಿ.

ಅಡಿಗೆ ಗಾರ್ಡ್ ಹಾಕಿಸಬೇಕಾ? ಕಂಪನಿಯೇ ನಿಮ್ಮ ಮಾಡೆಲಿಗೆ ಅಂತ ಮಾಡಿದ್ದು ಇದ್ದರೆ ಹಾಕಿಸಿ. ಹೊರಗಡೆ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸುವ ಕಬ್ಬಿಣದ ತಗಡು ನನಗಂತೂ ಇಷ್ಟವಿಲ್ಲ. ಅದು ನೆಲದಿಂದ ಇರುವ ಅಂತರವನ್ನು ತಿನ್ನುತ್ತದೆ. ಕೆಸರು ಹಿಡಿದಿಟ್ಟುಕೊಳ್ಳುತ್ತದೆ. ಪ್ಯಾಕಿನ ಗ್ಯಾಸ್ ಹೊರಗೆ ಹೋಗುವ ಕಿಂಡಿಯನ್ನು ಮುಚ್ಚಬಹುದು. ಪ್ಯಾಕಿಗೇ ಡ್ರಿಲ್ ಹಾಕಲು ಯಾರಾದರೂ ಹೊರಟರೆ ಕೀ ಇಸಕೊಂಡು ಬಂದುಬಿಡಿ. ತುಕ್ಕು ಹಿಡಿಯದಿರಲಿ ಅಂತ ಕಪ್ಪು ಕೋಟಿಂಗ್ ಹೊಡೆಸುವಾಗಲೂ ಬ್ಯಾಟರಿ ಬಿಟ್ಟು ಹೊಡೆಯಲು ಹೇಳಿ.

ಚಾರ್ಜಿಂಗ್ ಬಗ್ಗೆ ಎರಡೇ ಮಾತು. ಕಾರಿಗೆ ಅಂತಲೇ ಬೇರೆ ಎಂಸಿಬಿ, ಕರೆಂಟ್ ಸೋರಿದರೆ ತಾನೇ ಕಡಿಯುವ ಆರ್‌ಸಿಸಿಬಿ, ಸರಿಯಾದ ಅರ್ತಿಂಗ್ ಇರುವ 16 ಆಂಪಿಯರ್ ಪಾಯಿಂಟ್ ಹಾಕಿಸಿ, ಎಕ್ಸ್‌ಟೆನ್ಶನ್ ಬೋರ್ಡ್ ಬೇಡವೇ ಬೇಡ. ಚಾರ್ಜ್ ಆಗುವಾಗ ಪ್ಲಗ್ ಕೈ ಸುಡುವಷ್ಟು ಬಿಸಿಯಾದರೆ ಎಲೆಕ್ಟ್ರಿಷಿಯನ್ ಕರೆಸಿ. ವಾರಗಟ್ಟಲೆ ನಿಲ್ಲಿಸುವ ಕಾರಾದರೆ ಬಾನೆಟ್ಟಿನಡಿ ಇಲಿ ಗೂಡು ಕಟ್ಟಿದೆಯಾ ಅಂತಲೂ ಆಗಾಗ ನೋಡಿ, ವೈರ್ ಕಡಿದಿರುತ್ತದೆ.

ಹಂತ 6: ಹೊಗೆ ಕಂಡರೆ

ಬ್ಯಾಟರಿಯ ಹೊಗೆ ಮೊದಮೊದಲು ಬಿಳಿ. ಹಬೆ ಅಂತ ಮೋಸ ಹೋಗುತ್ತೇವೆ. ಅದು ಹಬೆಯಲ್ಲ, ಉರಿಯುವ ಗ್ಯಾಸ್. ಅದರಲ್ಲಿ ಹೈಡ್ರೋಜನ್ ಇರುತ್ತದೆ, ಕಾರ್ಬನ್ ಮೊನಾಕ್ಸೈಡ್ ಇರುತ್ತದೆ, ಶ್ವಾಸಕೋಶ ಸುಡುವ ಹೈಡ್ರೋಜನ್ ಫ್ಲೋರೈಡ್ ಇರುತ್ತದೆ.

ನಿಲ್ಲಿಸಿ, ಆಫ್ ಮಾಡಿ, ಇಳಿಯಿರಿ. ಹಿಂದಿನ ಬಾಗಿಲಿಗೆ ಚೈಲ್ಡ್ ಲಾಕ್ ಇದ್ದರೆ ಒಳಗಿನಿಂದ ತೆಗೆಯಲು ಬರುವುದಿಲ್ಲ, ನೀವೇ ಹೊರಗಿನಿಂದ ತೆಗೆಯಬೇಕು. ಬಟನ್ ಒತ್ತಿದರೆ ತೆರೆಯುವ ಬಾಗಿಲಾದರೆ ಕರೆಂಟ್ ಇಲ್ಲದಾಗ ಎಳೆಯುವ ಹಿಡಿ ಎಲ್ಲಿದೆ ಅಂತ ಇವತ್ತೇ ಹುಡುಕಿಟ್ಟುಕೊಳ್ಳಿ, ಮನೆಯವರಿಗೂ ತೋರಿಸಿ. ಗಾಜು ಒಡೆಯುವ ಸಣ್ಣ ಸುತ್ತಿಗೆ ಕೈಗೆ ಸಿಗುವ ಕಡೆ ಇರಲಿ, ಡಿಕ್ಕಿಯಲ್ಲಲ್ಲ.

ಗಾಳಿ ಬರುವ ದಿಕ್ಕಿಗೆ ಕನಿಷ್ಠ 30 ಮೀಟರ್ ದೂರ ಹೋಗಿ. 112ಕ್ಕೆ ಫೋನ್ ಮಾಡಿ. ‘ಕಾರಿಗೆ ಬೆಂಕಿ’ ಅನ್ನಬೇಡಿ, ‘ಎಲೆಕ್ಟ್ರಿಕ್ ಕಾರು, ಬ್ಯಾಟರಿಯಿಂದ ಹೊಗೆ ಬರ್ತಿದೆ’ ಅನ್ನಿ. ಲ್ಯಾಪ್‌ಟಾಪ್, ಪರ್ಸು, ಆರ್‌ಸಿ ಅಂತ ವಾಪಸ್ ಹೋಗಬೇಡಿ. ವಾಹನಗಳ ಬಗೆಗಿನ ವಿಶ್ವಸಂಸ್ಥೆಯ ಆರ್100 ನಿಯಮದ ಮೂರನೇ ಪರಿಷ್ಕರಣೆ ಪ್ರಕಾರ, ಒಳಗೆ ಸೆಲ್ ಕೆರಳಿದರೆ ಕಾರಿನೊಳಗೆ ಅಪಾಯ ಆಗುವ 5 ನಿಮಿಷ ಮುಂಚೆ ಎಚ್ಚರಿಕೆ ಬರಬೇಕು. ಆ 5 ನಿಮಿಷ ಇರುವುದು ಜನ ಇಳಿಯಲಿಕ್ಕೆ, ಸಾಮಾನು ಇಳಿಸಲಿಕ್ಕಲ್ಲ.

ಕಾರಿನಲ್ಲಿರುವ ಸಣ್ಣ ಕೆಂಪು ಸಿಲಿಂಡರು ಸೀಟಿಗೋ ವೈರಿಗೋ ಹತ್ತಿದ ಕಿಡಿಗೆ ಸರಿ. ಬ್ಯಾಟರಿಗೆ ಅದು ಲೆಕ್ಕಕ್ಕೇ ಇಲ್ಲ. ಪುಡಿ ಚೆಲ್ಲಿದರೆ ಜ್ವಾಲೆ ಒಂದು ಕ್ಷಣ ಅಡಗಬಹುದು, ಒಳಗಿನ ಬಿಸಿ ಹಾಗೇ ಇರುತ್ತದೆ. ಬೇಕಾದ್ದು ನೀರು, ಅದೂ ಧಾರಾಳ. ಟೆಸ್ಲಾ ಅಗ್ನಿಶಾಮಕದವರಿಗೆ ಕೊಟ್ಟ ಕೈಪಿಡಿಯಲ್ಲಿ ಸುಮಾರು 11,000ದಿಂದ 30,000 ಲೀಟರ್ ಬೇಕಾಗಬಹುದು ಅಂತ ಬರೆದಿತ್ತು. ನಮ್ಮ ಬಡಾವಣೆಗಳಿಗೆ ಬರುವ ದೊಡ್ಡ ನೀರಿನ ಟ್ಯಾಂಕರ್ ಒಂದೆರಡು ಖಾಲಿಯಾಗುವಷ್ಟು. ಬಕೆಟ್ ಹಿಡಿದು ಓಡಬೇಡಿ. ರಾಡಿನಿಂದ ತೂತು ಮಾಡಲೂ ಹೋಗಬೇಡಿ. ಕೆಂಟ್‌ನಲ್ಲಿ ನೀರು ಒಳಗೆ ಹೋಗಲಿ ಅಂತ ತೂತು ಕೊರೆದಾಗ ಕೆಳಗಿದ್ದ ಬೆಂಕಿ ಮೇಲಕ್ಕೆ ಬಂದಿತ್ತು.

ಆರಿದ ಮೇಲೂ ಮತ್ತೆ ಹೊತ್ತಿಕೊಳ್ಳಬಹುದು. ಎತ್ತಿಕೊಂಡು ಹೋಗುವ ಡ್ರೈವರಿಗೆ, ಕಾರು ನಿಲ್ಲಿಸುವ ಯಾರ್ಡಿನವರಿಗೆ ಇದನ್ನು ಹೇಳಿ. ಬೇರೆ ಗಾಡಿಗಳ ಮಧ್ಯೆ ತುರುಕಬಾರದು.

ಹಂತ 7: ಪಾಲಿಸಿ ತೆಗೆದು ಓದಿ

8 ವರ್ಷ, 1,60,000 ಕಿಲೋಮೀಟರ್ ಅಂತ ಅನೇಕ ಕಂಪನಿಗಳು ಕೊಡುವ ಬ್ಯಾಟರಿ ವಾರಂಟಿ, ತಯಾರಿಕೆಯ ದೋಷಕ್ಕೆ. ಕಲ್ಲೇಟಿಗೆ ಅಲ್ಲ. ಅದು ಇನ್ಶೂರೆನ್ಸಿನ ಪಾಲು. ಬರೀ ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ಒಂದು ಪೈಸೆಯೂ ಬರುವುದಿಲ್ಲ. ನಿಮ್ಮದೇ ಕಾರಿನ ಹಾನಿಗೆ ಕೊಡುವ ಓನ್ ಡ್ಯಾಮೇಜ್ ಇರಲಿ, ಬ್ಯಾಟರಿ ಪ್ರೊಟೆಕ್ಟ್ ಅನ್ನುವ ಆಡ್-ಆನ್ ಸೇರಿಸಿ, ಅಡಿಗೆ ಬಿದ್ದ ಏಟು, ನೀರು ಎರಡೂ ಅದರಲ್ಲಿ ಇವೆಯಾ ಅಂತ ಬರವಣಿಗೆಯಲ್ಲಿ ಕೇಳಿ. 2023ರಲ್ಲಿ ಕೆನಡಾದಲ್ಲಿ ಹ್ಯುಂಡೈ ಅಯಾನಿಕ್ 5 ಕಾರಿನ ಬ್ಯಾಟರಿ ಕವರಿಗೆ ಏಟು ಬಿದ್ದದ್ದಕ್ಕೆ ಬ್ಯಾಟರಿ ಬದಲಿಸಲು 60,000 ಡಾಲರ್ ಅಂದುಬಿಟ್ಟಿದ್ದರು. ಕಾರಿನ ಬೆಲೆಗಿಂತ ಜಾಸ್ತಿ!

ನನ್ನ ಕ್ಲೇಮಿಗೆ ಬಂದ ಸರ್ವೇಯರ್ ಕಾರಿನಡಿ ಟಾರ್ಚ್ ಬಿಟ್ಟು ನೋಡಿ, ಎದ್ದು ಕೈ ಒರೆಸಿಕೊಂಡು ಕೇಳಿದ್ದು ಒಂದೇ: ‘ಇದು ಹಳೇ ಏಟಲ್ಲ ಅಂತ ಹೇಗೆ ಹೇಳ್ತೀರಾ? ಮುಂಚಿನ ಫೋಟೋ ಇದೆಯಾ?’ ಇರಲಿಲ್ಲ. ಈಗ ಪ್ರತಿ ತಿಂಗಳ ಮೊದಲ ಭಾನುವಾರ ಪಾರ್ಕಿಂಗಿನಲ್ಲಿ ಗೋಣಿಚೀಲ ಹಾಸುತ್ತೇನೆ. ವಾಚ್‌ಮನ್ ಟಾರ್ಚ್ ಹಿಡಿಯುತ್ತಾರೆ.